ಲೆಬೋಯರ್ ಎಣಿಸದ ಹಿಂಸೆ

ಪ್ರಸೂತಿಶಾಸ್ತ್ರದ ಪುಸ್ತಕವೊಂದರ ಹೆಸರಿನಲ್ಲಿ ಹಿಂಸೆ ಎಂಬ ಶಬ್ದ ಸೇರುವುದು ಅಪರೂಪ. ಫ್ರಾನ್ಸಿನ ವೈದ್ಯ ಫ್ರೆಡೆರಿಕ್ ಲೆಬೋಯರ್ 1974ರಲ್ಲಿ ತಮ್ಮ ಭಾಷೆಯಲ್ಲಿ ಪ್ರಕಟಿಸಿದ, ಮರುವರ್ಷವೇ ಇಂಗ್ಲಿಷಿನಲ್ಲಿ ‘ಬರ್ತ್ ವಿದೌಟ್ ವಯೊಲೆನ್ಸ್’ ಎಂದು ಹೊರಬಂದ ಕಿರುಹೊತ್ತಗೆ ಅಂಥದೊಂದು. ‘ಹಿಂಸೆಯಿಲ್ಲದ ಜನನ’ ಎಂದು ಅದನ್ನು ಕನ್ನಡಿಸಬಹುದು. ಐದು ದಶಕಗಳು ಕಳೆದರೂ ಅದರ ಪ್ರಭಾವ ಕುಂದಿಲ್ಲ. ಸಹಜ ಹೆರಿಗೆ, ಮಂದ ಬೆಳಕಿನ ಹೆರಿಗೆ ಕೋಣೆ, ಹುಟ್ಟಿದೊಡನೆ ಮಗುವನ್ನು ತಾಯಿಯ ಮೈಗೊಪ್ಪಿಸುವುದು ಎಂದು ಇಂದು ದೊಡ್ಡ ನಗರಗಳಲ್ಲಿ ಕೇಳಿಬರುವ ಮಾತುಗಳಲ್ಲಿ ಹಲವು ಈ ಪುಸ್ತಕದ ಮೂಲಕವೇ ಜನಪ್ರಿಯವಾದವು. ಅಹಿಂಸೆಯನ್ನು ಪರಮಧರ್ಮವೆಂದು ಬಗೆದ ವಾಚಕನು ಇಂಥ ಹೆಸರಿನ ಪುಸ್ತಕವನ್ನು ಆದರದಿಂದಲೇ ಕೈಗೆತ್ತಿಕೊಳ್ಳುತ್ತಾನೆ. ಆದರೆ ಆದರ ಬೇರೆ, ಪರೀಕ್ಷೆ ಬೇರೆ. ಹೆಸರಿನಲ್ಲಿರುವ ಶಬ್ದವನ್ನು ಗ್ರಂಥಕಾರರು ಯಾವ ಅರ್ಥದಲ್ಲಿ ಬಳಸಿದ್ದಾರೆ, ಆ ಅರ್ಥವನ್ನು ಹಿಡಿದು ಎಷ್ಟು ದೂರ ನಡೆಯಬಹುದು ಎಂಬುದನ್ನು ನೋಡಬೇಕಾಗಿದೆ.

ಪುಸ್ತಕದ ವಾದ ಸರಳವಾದುದು. ಸಾವಿರಾರು ಶಿಶುಗಳ ಜನನವನ್ನು ನಿರ್ವಹಿಸಿದ ವೈದ್ಯರೊಬ್ಬರು, ಆ ಶಿಶುಗಳು ಹುಟ್ಟುತ್ತಲೇ ಅಳುವುದೇಕೆಂದು ಒಂದು ದಿನ ತಮ್ಮನ್ನೇ ಕೇಳಿಕೊಳ್ಳುತ್ತಾರೆ. ಒಂಬತ್ತು ತಿಂಗಳು ಕತ್ತಲೆಯಲ್ಲಿದ್ದ ಕಣ್ಣಿಗೆ ಶಸ್ತ್ರಕ್ರಿಯಾ ಕೋಣೆಯ ಪ್ರಖರ ದೀಪ. ಮೆಲುದನಿಯನ್ನಷ್ಟೇ ಕೇಳಿದ್ದ ಕಿವಿಗೆ ಕೂಗಾಟ, ಲೋಹದ ಪಾತ್ರೆಗಳ ಸದ್ದು. ಬಾಗಿಕೊಂಡೇ ಬೆಳೆದ ಬೆನ್ನೆಲುಬನ್ನು ಕಾಲು ಹಿಡಿದು ತಲೆಕೆಳಗಾಗಿ ತೂಗಿ ಒಮ್ಮೆಲೇ ನೆಟ್ಟಗಾಗಿಸುವುದು. ಮಿಡಿಯುತ್ತಿರುವಾಗಲೇ ಹೊಕ್ಕುಳಬಳ್ಳಿಯನ್ನು ಕತ್ತರಿಸಿ ಉಸಿರಿಗಾಗಿ ಬೆನ್ನಿಗೆ ಏಟು ಕೊಡುವುದು. ಬಳಿಕ ತಣ್ಣನೆಯ ತಕ್ಕಡಿ. ಇವೆಲ್ಲ ಹಿಂಸೆಯೆಂದು ಅವರ ತೀರ್ಮಾನ. ಇದಕ್ಕೆ ಪ್ರತಿಯಾಗಿ ಅವರು ಹೇಳುವ ಕ್ರಮ ಹೀಗಿದೆ: ದೀಪವನ್ನು ಮಂದಗೊಳಿಸಬೇಕು, ಮೌನವಾಗಿರಬೇಕು, ಮಗುವನ್ನು ತಾಯಿಯ ಹೊಟ್ಟೆಯ ಮೇಲೆ ಮಲಗಿಸಿ ಬೆನ್ನನ್ನು ಮೆಲ್ಲಗೆ ಸವರಬೇಕು, ಬಳ್ಳಿಯ ಮಿಡಿತ ತಾನಾಗಿ ನಿಂತ ಮೇಲೆ ಕತ್ತರಿಸಬೇಕು, ಅನಂತರ ಬೆಚ್ಚನೆಯ ನೀರಿನಲ್ಲಿ ತೇಲಿಸಬೇಕು.

ಇಷ್ಟನ್ನು ಹೇಳಲು ಅವರು ಆರಿಸಿಕೊಂಡ ಶೈಲಿ ವೈದ್ಯನದಲ್ಲ. ತುಂಡು ತುಂಡಾದ ಸಾಲುಗಳು, ಪ್ರಶ್ನೋತ್ತರ, ಉದ್ಗಾರ, ನಡುನಡುವೆ ಛಾಯಾಚಿತ್ರಗಳು. ಮುಖ ಕಿವುಚಿ ಅರಚುವ ಕೂಸಿನ ಚಿತ್ರ ಮೊದಲು. ಶಾಂತವಾಗಿ, ಬಹುತೇಕ ನಗುವಂತೆ ಕಾಣುವ ಕೂಸಿನ ಚಿತ್ರ ಅನಂತರ. ಅಂಕಿಸಂಖ್ಯೆಗಳಿಗೆ ಅಲ್ಲಿ ಸ್ಥಳವಿಲ್ಲ. ಓದುಗನ ಹೃದಯವನ್ನು ಗೆದ್ದ ಮೇಲೆ ಬುದ್ಧಿ ತಾನಾಗಿ ಹಿಂಬಾಲಿಸುವುದೆಂಬ ಭರವಸೆ ಗ್ರಂಥದುದ್ದಕ್ಕೂ ಕಾಣುತ್ತದೆ. ಪುರಾಣಕಾರನಿಗೆ ಇದು ಶೋಭಿಸುತ್ತದೆ. ಚಿಕಿತ್ಸಾಕ್ರಮವನ್ನು ಬದಲಿಸಹೊರಟವನಿಗೆ ಸಾಲದು.

ಆದರೂ ಈ ಪುಸ್ತಕಕ್ಕೆ ಸಲ್ಲಬೇಕಾದ ಮನ್ನಣೆಯನ್ನು ಮೊದಲು ಸಲ್ಲಿಸಬೇಕು. ಹುಟ್ಟಿದ ಕೂಸು ನೋವನ್ನು ಅರಿಯುವ ಜೀವವೆಂದು ಲೆಬೋಯರ್ ಬರೆದ ಕಾಲದಲ್ಲಿ, ವಿದ್ಯಾವಂತ ಜಗತ್ತಿನ ವೈದ್ಯರಲ್ಲಿ ಬಹುಮಂದಿ ಹಾಗೆ ನಂಬಿರಲಿಲ್ಲ. ನರಮಂಡಲ ಪೂರ್ತಿ ಬೆಳೆದಿರುವುದಿಲ್ಲವಾದ್ದರಿಂದ ಹಸುಗೂಸಿಗೆ ನೋವಿನ ಅರಿವಿಲ್ಲವೆಂದು ತಿಳಿದು, ಹೆಸರಿಗಷ್ಟೇ ಅರಿವಳಿಕೆ ಕೊಟ್ಟು ಎಳೆಯ ಶಿಶುಗಳಿಗೆ ಶಸ್ತ್ರಕ್ರಿಯೆ ಮಾಡುವ ಪದ್ಧತಿ 1980ರ ದಶಕದವರೆಗೂ ಪಾಶ್ಚಾತ್ಯ ಆಸ್ಪತ್ರೆಗಳಲ್ಲಿತ್ತು. ಭಾರತ ಮೂಲದ ವೈದ್ಯ ಕೆ.ಜೆ.ಎಸ್. ಆನಂದ್ ಮತ್ತು ಅವರ ಸಹೋದ್ಯೋಗಿ 1987ರಲ್ಲಿ ಪ್ರಕಟಿಸಿದ ಪ್ರಬಂಧ ಆ ನಂಬಿಕೆಯನ್ನು ಅಲುಗಿಸಿತು. ಲೆಬೋಯರ್ ಅದಕ್ಕಿಂತ 13 ವರ್ಷ ಮೊದಲೇ, ಪ್ರಯೋಗದ ಬೆಂಬಲವಿಲ್ಲದೆ, ಬರಿಗಣ್ಣಿನಿಂದ ನೋಡಿಯೇ ಅದನ್ನು ಹೇಳಿದರು. ಏಕೇಂದ್ರಿಯ ಜೀವಕ್ಕೂ ಸ್ಪರ್ಶದ ಅರಿವುಂಟೆಂದು ಬಾಲ್ಯದಿಂದ ಕೇಳಿ ಬೆಳೆದ ಜೈನ ವಾಚಕನಿಗೆ, ಸಂಜ್ಞಿ ಪಂಚೇಂದ್ರಿಯವಾದ ಮನುಷ್ಯಶಿಶುವಿಗೆ ನೋವುಂಟೋ ಇಲ್ಲವೋ ಎಂದು ಪಂಡಿತರು 1987ರವರೆಗೆ ಚರ್ಚಿಸಿದ್ದೇ ವಿಸ್ಮಯವಾಗಿ ತೋರಬಹುದು.

ಅವರ ಕ್ರಮದಲ್ಲಿ ಕೆಲವು ಅಂಶಗಳು ಕಾಲದ ಪರೀಕ್ಷೆಯಲ್ಲಿ ಉಳಿದಿವೆ. ಬಳ್ಳಿಯನ್ನು ಅವಸರದಿಂದ ಕತ್ತರಿಸದಿದ್ದರೆ ಮಾಸಿನಲ್ಲಿ ಉಳಿದ ರಕ್ತ ಮಗುವಿಗೆ ಸೇರುತ್ತದೆ; ಮುಂದಿನ ತಿಂಗಳುಗಳಿಗೆ ಕಬ್ಬಿಣದ ಸಂಗ್ರಹವಾಗುತ್ತದೆ. ಅದು ಮಗುವಿನದೇ ರಕ್ತ. ಸಲ್ಲಬೇಕಾದವನಿಗೆ ಬಾಕಿ ಸಂದಾಯವಾದಂತೆ. ಒಂದರಿಂದ ಮೂರು ನಿಮಿಷ ಕಾಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಈಗ ಹೇಳುತ್ತದೆ. ಮಗುವನ್ನು ತಾಯಿಯ ಮೈಗೆ ತಾಗಿಸಿ ಮಲಗಿಸುವುದೂ ಇಂದು ಎಲ್ಲೆಡೆ ಒಪ್ಪಿತವಾದ ಕ್ರಮ. ಆದರೆ ಪುಸ್ತಕದ ಅತ್ಯಂತ ಮನೋಹರವಾದ ಪುಟಗಳಲ್ಲಿ ಬರುವ ಆ ಬೆಚ್ಚನೆಯ ಸ್ನಾನ ಉಳಿಯಲಿಲ್ಲ. ಹೊಸದಾಗಿ ಹುಟ್ಟಿದ ಕೂಸು ಬೇಗ ತಣ್ಣಗಾಗುತ್ತದೆಂಬ ಕಾರಣದಿಂದ ಮೊದಲ ಸ್ನಾನವನ್ನು 24 ಗಂಟೆ ಮುಂದೂಡಬೇಕೆಂಬುದು ಅದೇ ಸಂಸ್ಥೆಯ ಸಲಹೆ. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ವೈದ್ಯರು 56 ತಾಯಂದಿರನ್ನು ಎರಡು ಗುಂಪು ಮಾಡಿ ಲೆಬೋಯರ್ ಕ್ರಮವನ್ನೂ ಸಾಮಾನ್ಯ ಕ್ರಮವನ್ನೂ ಹೋಲಿಸಿ 1980ರಲ್ಲಿ ವರದಿ ಪ್ರಕಟಿಸಿದರು. ಅವರ ‘ಸಾಮಾನ್ಯ ಕ್ರಮ’ವೂ ಮೃದುವಾದುದೇ ಆಗಿತ್ತೆಂಬುದನ್ನು ಮರೆಯಬಾರದು. ಶಿಶುಗಳ ಆರೋಗ್ಯದಲ್ಲಾಗಲಿ ನಡವಳಿಕೆಯಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ; ಕೇಡೂ ಕಾಣಲಿಲ್ಲ. ಗ್ರಂಥಕಾರರು ವಾಗ್ದಾನ ಮಾಡಿದ ಹೊಸ ಮನುಷ್ಯ ಆ ಕೋಣೆಯಿಂದ ಹೊರಬರಲಿಲ್ಲವೆಂದೇ ಹೇಳಬೇಕು.

ಈ ಪುಸ್ತಕದ ದೊಡ್ಡ ಕೊರತೆ ಬೇರೆಡೆ ಇದೆ. ಹೆರುವವಳು ಅದರಲ್ಲಿ ಇಲ್ಲ. ಹೆರಿಗೆಯ ನೋವನ್ನು ಮಗುವಿನ ಕಡೆಯಿಂದ ವರ್ಣಿಸುವಾಗ ಲೆಬೋಯರ್ ಗರ್ಭಕೋಶದ ಹಿಡಿತವನ್ನು ಕೂಸನ್ನು ಹಿಂಡಿ ಹೊರದೂಡುವ ಕುರುಡು ಶಕ್ತಿಯಾಗಿ ಚಿತ್ರಿಸುತ್ತಾರೆ. ಆ ಶಕ್ತಿಗೆ ತಾಯಿ ಎಂದೇ ಹೆಸರಿಡುತ್ತಾರೆ. ಮಗುವಿನ ಮೇಲಾಗುವ ಹಿಂಸೆಯ ಪಟ್ಟಿಯಲ್ಲಿ ವೈದ್ಯ, ದೀಪ, ತಕ್ಕಡಿಗಳ ಜೊತೆಗೆ ತಾಯಿಯೂ ಸೇರಿಬಿಡುತ್ತಾಳೆ. ಅವಳ ಭಯ, ಅವಳ ರಕ್ತ, ಅವಳ ಪ್ರಾಣ ಇವಕ್ಕೆ ಪುಟಗಳಿಲ್ಲ. ಇಂಗ್ಲೆಂಡಿನ ಗ್ರ್ಯಾಂಟ್ಲಿ ಡಿಕ್-ರೀಡ್ 1933ರಲ್ಲೇ ಸಹಜ ಹೆರಿಗೆಯನ್ನು ಕುರಿತು ಬರೆಯುತ್ತ, ಭಯದಿಂದ ಬಿಗಿತ, ಬಿಗಿತದಿಂದ ನೋವು ಎಂದು ತಾಯಿಯ ಮನಸ್ಸಿನಿಂದ ಆರಂಭಿಸಿದ್ದರು. ಅವರ ವಾದದಲ್ಲೂ ದೋಷಗಳಿವೆ. ಆದರೆ ತಾಯಿಯನ್ನು ಬಿಟ್ಟು ಹೆರಿಗೆಯನ್ನು ನೋಡುವ ದೋಷ ಅವರಲ್ಲಿಲ್ಲ.

ಶ್ವೇತಾಂಬರ ಸಂಪ್ರದಾಯದ ಕಲ್ಪಸೂತ್ರದಲ್ಲಿ ಬರುವ ಪ್ರಸಂಗವೊಂದು ಇಲ್ಲಿ ನೆನಪಾಗುತ್ತದೆ. ದಿಗಂಬರ ಪರಂಪರೆ ಆ ಕಥೆಯನ್ನು ಹೇಳುವುದಿಲ್ಲವಾದರೂ ಅದರ ಭಾವ ಯಾರಿಗೂ ಅಪರಿಚಿತವಲ್ಲ. ಗರ್ಭದಲ್ಲಿದ್ದ ವರ್ಧಮಾನನು ತನ್ನ ಚಲನೆಯಿಂದ ತಾಯಿಗೆ ನೋವಾದೀತೆಂದು ಅಲುಗದೆ ನಿಂತನಂತೆ. ಗರ್ಭ ನಿಶ್ಚಲವಾದುದನ್ನು ಕಂಡು ತ್ರಿಶಲಾದೇವಿ ಕೂಸು ಅಳಿಯಿತೆಂದೇ ಬಗೆದು ಶೋಕಿಸಿದಳು. ಅದನ್ನರಿತ ಶಿಶು ಮತ್ತೆ ಮಿಸುಕಿತು. ಕಥೆ ಹೇಳುವವನು ಇಬ್ಬರ ನೋವನ್ನೂ ಒಟ್ಟಿಗೆ ತೂಗಿದ್ದಾನೆ. ನೋವು ಕೊಡಬಾರದೆಂದು ಸುಮ್ಮನಿದ್ದುದೇ ಮತ್ತೊಂದು ನೋವಾಯಿತೆಂಬ ಸೂಕ್ಷ್ಮವನ್ನೂ ಕಂಡಿದ್ದಾನೆ. ಲೆಬೋಯರ್ ಅವರ ಗ್ರಂಥದಲ್ಲಿ ಈ ಎರಡನೆಯ ಕಣ್ಣು ಇಲ್ಲ.

ತಾಯಿ ಮರೆಯಾದ ಕೂಡಲೇ ಪ್ರಕೃತಿ ದೇವತೆಯಾಗಿ ಬಂದು ಕೂರುತ್ತಾಳೆ. ಸಹಜವಾದುದೆಲ್ಲ ಅಹಿಂಸೆ, ಕೈಹಾಕಿದುದೆಲ್ಲ ಹಿಂಸೆ ಎಂಬ ಸಮೀಕರಣವನ್ನು ಗ್ರಂಥಕಾರರು ಎಲ್ಲಿಯೂ ಸೂತ್ರವಾಗಿ ಬರೆದಿಲ್ಲ; ಆದರೆ ಅವರ ಹಿಂಬಾಲಕರು ಹಾಗೆಂದೇ ಓದಿಕೊಂಡಿದ್ದಾರೆ. ಸೃಷ್ಟಿಕರ್ತನನ್ನು ಒಪ್ಪದ ಜೈನದರ್ಶನಕ್ಕೆ ಈ ಸಮೀಕರಣ ಹೊಂದುವುದಿಲ್ಲ. ಜನ್ಮ, ಜರಾ, ಮರಣಗಳನ್ನು ಸಂಸಾರದ ದುಃಖಗಳೆಂದು ಎಣಿಸುವ ದರ್ಶನದಲ್ಲಿ ಪ್ರಕೃತಿಗೆ ಕರುಣೆಯ ಗುಣವನ್ನು ಆರೋಪಿಸಲು ಆಧಾರವಿಲ್ಲ. ಅಡ್ಡಲಾಗಿ ನಿಂತ ಕೂಸೂ ಸಹಜವೇ. ಹೆರಿಗೆಯ ಬಳಿಕ ಗರ್ಭಕೋಶ ಬಿಗಿಯದೆ ರಕ್ತ ಹರಿದು ಕೆಲವೇ ಗಂಟೆಗಳಲ್ಲಿ ತಾಯಿ ತೀರಿಕೊಳ್ಳುವುದೂ ಸಹಜವೇ. ಸುಶ್ರುತಸಂಹಿತೆಯಲ್ಲಿ ಮೂಢಗರ್ಭಕ್ಕೆಂದೇ, ಅಂದರೆ ಹೊರಬರಲಾರದೆ ಸಿಕ್ಕಿಕೊಂಡ ಗರ್ಭಕ್ಕೆಂದೇ, ಶಸ್ತ್ರಚಿಕಿತ್ಸೆಯ ಅಧ್ಯಾಯವಿರುವುದನ್ನು ನೋಡಿದರೆ, ಪುರಾತನರು ಪ್ರಕೃತಿಯನ್ನು ನಂಬಿ ಕೈಕಟ್ಟಿ ಕುಳಿತಿರಲಿಲ್ಲವೆಂಬುದು ಸ್ಪಷ್ಟವಾಗುತ್ತದೆ.

ಸೂಲಗಿತ್ತಿಯನ್ನು ಪ್ರಕೃತಿಯ ಪಕ್ಷದಲ್ಲಿ ನಿಲ್ಲಿಸುವುದೂ ಇಂಥದೇ ತಪ್ಪು ತಿಳಿವಳಿಕೆ. ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ, ಔಷಧವೂ ಉಪಕರಣವೂ ಇಲ್ಲದೆ ಸಹಜ ಹೆರಿಗೆ ಮಾಡಿಸಿದ ತಾಯಿ ಎಂದು ಪತ್ರಿಕೆಗಳು ಕೊಂಡಾಡಿದವು. ಅವರು ಮಾಡಿಸಿದ ಹೆರಿಗೆಗಳು 15,000ಕ್ಕೂ ಹೆಚ್ಚೆಂದು ಹೇಳಲಾಗುತ್ತದೆ. ಕೂಲಿ ಕೇಳದೆ ಮಾಡಿದ ಸೇವೆ ಅದು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ಕಾಲವಾದರು. ಆದರೆ ಅವರ ಕೈಯ ಕುಶಲತೆ ಅಜ್ಜಿಯಿಂದ ಕಲಿತು ದಶಕಗಳ ಕಾಲ ತಿದ್ದಿಕೊಂಡ ವಿದ್ಯೆ. ಹೊಟ್ಟೆ ಮುಟ್ಟಿ ಕೂಸಿನ ನಿಲುವನ್ನು ಅರಿಯುವುದು, ಎಣ್ಣೆ ಹಚ್ಚುವುದು, ತಾಯಿಯನ್ನು ನಡೆದಾಡಿಸುವುದು, ಯಾವಾಗ ಕಾಯಬೇಕು ಯಾವಾಗ ಅವಸರಿಸಬೇಕು ಎಂದು ನಿರ್ಣಯಿಸುವುದು ಇವೆಲ್ಲ ಕೈಹಾಕುವಿಕೆಯೇ. ಅದನ್ನು ಪ್ರಕೃತಿಯ ಖಾತೆಗೆ ಜಮಾ ಮಾಡಿದರೆ ಆ ತಾಯಿಯ ಆಯುಷ್ಯದ ವಿದ್ಯೆಗೆ ಅನ್ಯಾಯವಾಗುತ್ತದೆ.

ಹಾಗಾದರೆ ಆಸ್ಪತ್ರೆಯೇ ಅಹಿಂಸೆಯ ಮನೆಯೆ? ಇತಿಹಾಸ ಹಾಗೆ ಹೇಳುವುದಿಲ್ಲ. ವಿಯೆನ್ನಾ ನಗರದ ದೊಡ್ಡಾಸ್ಪತ್ರೆಯಲ್ಲಿ 1840ರ ದಶಕದಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಒಂದರಲ್ಲಿ ವೈದ್ಯರೂ ವೈದ್ಯವಿದ್ಯಾರ್ಥಿಗಳೂ ಹೆರಿಗೆ ಮಾಡಿಸುತ್ತಿದ್ದರು, ಇನ್ನೊಂದರಲ್ಲಿ ಸೂಲಗಿತ್ತಿಯರು. ವೈದ್ಯರ ವಿಭಾಗದಲ್ಲಿ ನೂರಕ್ಕೆ ಸುಮಾರು 10 ತಾಯಂದಿರು ಬಾಣಂತಿ ನಂಜಿನಿಂದ ಸಾಯುತ್ತಿದ್ದರು. ಸೂಲಗಿತ್ತಿಯರ ವಿಭಾಗದಲ್ಲಿ ಅದರ ಅರ್ಧಕ್ಕಿಂತಲೂ ಕಡಿಮೆ. ಆಸ್ಪತ್ರೆಗೆ ಬರುವ ದಾರಿಯಲ್ಲಿ ಬೀದಿಯಲ್ಲೇ ಹೆತ್ತವರಿಗೆ ಈ ಜ್ವರ ಅಪರೂಪವೆಂಬುದನ್ನೂ ಅಲ್ಲಿದ್ದ ಇಗ್ನಾಜ್ ಸೆಮೆಲ್‌ವೈಸ್ ಎಂಬ ಯುವವೈದ್ಯ ಗುರುತಿಸಿದ. ಪ್ರಕೃತಿಯ ಪಕ್ಷದವರಿಗೆ ಇದಕ್ಕಿಂತ ಬಲವಾದ ಸಾಕ್ಷ್ಯ ಸಿಗಲಾರದು. ಆದರೆ ಸೆಮೆಲ್‌ವೈಸ್ ತಾಯಂದಿರನ್ನು ಬೀದಿಗೆ ಕಳುಹಿಸಲಿಲ್ಲ. ವೈದ್ಯರು ಶವಪರೀಕ್ಷೆ ಮಾಡಿದ ಕೈಯಿಂದಲೇ ಬಸುರಿಯರನ್ನು ಮುಟ್ಟುತ್ತಿರುವುದನ್ನು ಕಂಡುಹಿಡಿದು, 1847ರಲ್ಲಿ ಬಾಗಿಲ ಬಳಿ ಕ್ಲೋರಿನ್ ಸುಣ್ಣದ ನೀರಿನ ಬೋಗುಣಿಯನ್ನಿಟ್ಟು ಕೈ ತೊಳೆದು ಬರಬೇಕೆಂದು ವಿಧಿಸಿದ. ಮರುವರ್ಷ ಸಾವಿನ ಪ್ರಮಾಣ ನೂರಕ್ಕೆ ಎರಡಕ್ಕಿಂತ ಕೆಳಗಿಳಿಯಿತು. ಹಿರಿಯ ವೈದ್ಯರು ಹಲವರು ಅವನ ಮಾತನ್ನು ಒಪ್ಪಲಿಲ್ಲ. ತಮ್ಮ ಕೈಯೇ ಕೊಂದಿತೆಂಬುದನ್ನು ಒಪ್ಪುವುದು ಸುಲಭವಾಗಿರಲಿಲ್ಲ.

ಈ ಪ್ರಕರಣದಲ್ಲಿ ಹಿಂಸೆ ಎಲ್ಲಿತ್ತೆಂದು ಕೇಳಿದರೆ ಜೈನಶಾಸ್ತ್ರದ ಪರಿಭಾಷೆ ನೇರವಾದ ಉತ್ತರ ಕೊಡುತ್ತದೆ. ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಯನ್ನಷ್ಟೇ ಹೇಳದೆ, ಅದಕ್ಕೆ ಪ್ರಮತ್ತಯೋಗವೆಂಬ ಕಾರಣವನ್ನೂ ಸೇರಿಸುತ್ತದೆ. ಕುಂದಕುಂದಾಚಾರ್ಯರ ಪ್ರವಚನಸಾರ ಇನ್ನೂ ಮುಂದೆ ಹೋಗುತ್ತದೆ: ಜೀವ ಸತ್ತರೂ ಬದುಕಿದರೂ ಅಯತ್ನಾಚಾರಿಗೆ ಹಿಂಸೆ ನಿಶ್ಚಿತ; ಯತ್ನದಿಂದ ನಡೆಯುವವನಿಗೆ ಕೇವಲ ಪ್ರಾಣಹಾನಿಯಿಂದ ಬಂಧವಿಲ್ಲ. ತೊಳೆಯದ ಕೈ ಅಯತ್ನಾಚಾರ, ಬೋಗುಣಿ ಯತ್ನಾಚಾರ. ಕಾರಣ ತಿಳಿಯದಿದ್ದ ಕಾಲದ ವೈದ್ಯರಿಗಿಂತ, ತೋರಿಸಿಕೊಟ್ಟ ಮೇಲೂ ಕೈ ತೊಳೆಯದವರ ಪ್ರಮಾದ ಗುರುತರವಾದುದು. ಲೆಬೋಯರ್ ಹಿಂಸೆಯನ್ನು ದೀಪದಲ್ಲಿ, ಕತ್ತರಿಯಲ್ಲಿ, ಸದ್ದಿನಲ್ಲಿ ಹುಡುಕಿದರು. ಕಣ್ಣಿಗೆ ಕಾಣುವ ಉಪಕರಣಗಳನ್ನು ಎಣಿಸುತ್ತ ಹೋದವರಿಗೆ ಉಪಕರಣ ಹಿಡಿದವನ ಪ್ರಮಾದ ಎಣಿಕೆಗೆ ಸಿಗಲಿಲ್ಲ. ಉಪಕರಣವನ್ನು ಹಿಡಿಯಬೇಕಾದಾಗ ಹಿಡಿಯದಿರುವುದೂ ಪ್ರಮಾದವಾಗಬಹುದೆಂಬುದಂತೂ ಅವರ ಗ್ರಂಥದ ಹೊರಗೇ ಉಳಿಯಿತು.

ಇಲ್ಲೊಂದು ಆಕ್ಷೇಪ ಏಳಬಹುದು. ಆಯುಃಕರ್ಮ ಇರುವಷ್ಟೇ ಆಯುಷ್ಯ. ವೈದ್ಯ ಬಂದರೂ ಬಾರದಿದ್ದರೂ ಆಗುವುದು ಆಗುತ್ತದೆ ಎಂದು ವ್ರತನಿಷ್ಠರಾದ ಹಿರಿಯರು ಹೇಳುವುದುಂಟು. ಶಾಸ್ತ್ರ ಹಾಗೆ ಹೇಳುವುದಿಲ್ಲ. ದೇವನಾರಕಿಗಳು, ಚರಮಶರೀರಿಗಳು ಮೊದಲಾದ ಕೆಲವರ ಆಯುಷ್ಯವನ್ನು ಬಿಟ್ಟರೆ ಉಳಿದವರ ಆಯುಷ್ಯ ವಿಷ, ಶಸ್ತ್ರ, ರೋಗಾದಿ ನಿಮಿತ್ತಗಳಿಂದ ನಡುವೆಯೇ ತುಂಡಾಗಬಲ್ಲುದೆಂದು ತತ್ತ್ವಾರ್ಥಸೂತ್ರವೇ ಸೂಚಿಸುತ್ತದೆ. ಅಕಾಲಮರಣವೆಂಬುದು ಇಲ್ಲದಿದ್ದರೆ ಆಯುರ್ವೇದವೇ ವ್ಯರ್ಥವಾಗಬೇಕಿತ್ತೆಂಬ ಯುಕ್ತಿಯನ್ನು ಅಕಲಂಕದೇವರು ರಾಜವಾರ್ತಿಕದಲ್ಲಿ ಮುಂದಿಡುತ್ತಾರೆ. ಸಮಂತಭದ್ರಸ್ವಾಮಿಗಳ ಕಥೆಯೂ ಪ್ರಸಿದ್ಧವಾದುದೇ. ಭಸ್ಮಕವ್ಯಾಧಿಯಿಂದ ಬಳಲಿದ ಅವರು ಸಲ್ಲೇಖನಕ್ಕೆ ಅಪ್ಪಣೆ ಬೇಡಿದಾಗ ಗುರುಗಳು ಒಪ್ಪದೆ, ಮುನಿವೇಷವನ್ನು ತಾತ್ಕಾಲಿಕವಾಗಿ ತೊರೆದಾದರೂ ಮೊದಲು ರೋಗವನ್ನು ಶಮನಗೊಳಿಸಿಕೊಳ್ಳಬೇಕೆಂದು ಆದೇಶಿಸಿದರಂತೆ. ಅದೇ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಲ್ಲೇಖನಕ್ಕೆ ರೋಗವನ್ನು ಕಾರಣವಾಗಿ ಹೇಳುವಾಗ, ಪ್ರತೀಕಾರವಿಲ್ಲದ ರೋಗ ಎಂದು ಎಲ್ಲೆ ಹಾಕಿದ್ದಾರೆ. ಪ್ರತೀಕಾರವಿರುವ ರೋಗಕ್ಕೆ ಪ್ರತೀಕಾರವೇ ಧರ್ಮ. ಔಷಧದಾನವು ನಾಲ್ಕು ದಾನಗಳಲ್ಲಿ ಒಂದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಜೈನವೈದ್ಯರು ಈ ಎಲ್ಲೆಯನ್ನು ಹೇಗೆ ನಿಭಾಯಿಸಿದರೆಂಬುದಕ್ಕೆ ಉಗ್ರಾದಿತ್ಯಾಚಾರ್ಯರ ಕಲ್ಯಾಣಕಾರಕ ನಿದರ್ಶನ. ಮದ್ಯ, ಮಾಂಸ, ಮಧುಗಳನ್ನು ಬಿಟ್ಟು ಚಿಕಿತ್ಸೆಯನ್ನು ಹೇಳಿದ ಗ್ರಂಥವಿದು. ಮಾಂಸಸೇವನೆಯನ್ನು ಖಂಡಿಸುವ ಅದರ ಹಿತಾಹಿತಾಧ್ಯಾಯವನ್ನು ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ ಉಪದೇಶಿಸಿದುದಾಗಿ ಅದರಲ್ಲೇ ಹೇಳಿದೆ. ಸೋಲಾಪುರದಿಂದ 1940ರಲ್ಲಿ ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳ ಸಂಪಾದನೆಯಲ್ಲಿ ಅದು ಅಚ್ಚಾಯಿತು. 12ನೆಯ ಶತಮಾನದಲ್ಲಿ ಪೂಜ್ಯಪಾದರ ಹೆಸರಿನ ಕಲ್ಯಾಣಕಾರಕವನ್ನು ಕನ್ನಡಕ್ಕೆ ತಂದ ಸೋಮನಾಥನೂ ಇದೇ ದಾರಿಯವನು. ಇವರು ಔಷಧದ ದ್ರವ್ಯವನ್ನು ಬದಲಿಸಿದರು, ಔಷಧವನ್ನೇ ಬಿಡಲಿಲ್ಲ. ಹಿಂಸೆಯ ಪ್ರಶ್ನೆಯನ್ನು ಚಿಕಿತ್ಸೆಯ ಒಳಗೇ ಕೇಳಿದರು.

ಅದೇ ಪ್ರಶ್ನೆಯನ್ನು ಇಂದಿನ ಹೆರಿಗೆ ಕೋಣೆಯಲ್ಲಿ ಕೇಳಬೇಕಾದರೆ ಆಕ್ಸಿಟೋಸಿನ್ ಎಂಬ ಒಂದು ಔಷಧವನ್ನು ಹಿಡಿದರೆ ಸಾಕು. ಗರ್ಭಕೋಶವನ್ನು ಬಿಗಿಯಿಸುವ, ಎದೆಹಾಲನ್ನು ಇಳಿಸುವ ರಸ ಇದು. ತಾಯಿಯ ಮಿದುಳಿನಲ್ಲಿ ತಾನಾಗಿ ಉತ್ಪತ್ತಿಯಾಗಿ ಪಿಟ್ಯುಟರಿ ಗ್ರಂಥಿಯ ಮೂಲಕ ರಕ್ತಕ್ಕೆ ಸೇರುತ್ತದೆ. ಹೆನ್ರಿ ಡೇಲ್ 1906ರಲ್ಲಿ ಆ ಗ್ರಂಥಿಯ ಸಾರ ಬೆಕ್ಕಿನ ಗರ್ಭಕೋಶವನ್ನು ಬಿಗಿಯಿಸುವುದನ್ನು ತೋರಿಸಿದರು. ಆ ಬಳಿಕ ದಶಕಗಳ ಕಾಲ ಕಸಾಯಿಖಾನೆಯ ಪ್ರಾಣಿಗಳ ಗ್ರಂಥಿಯಿಂದಲೇ ಅದನ್ನು ತೆಗೆಯುತ್ತಿದ್ದರು. ಅಮೆರಿಕದ ವಿನ್ಸೆಂಟ್ ಡು ವಿನ್ಯೊ 1953ರಲ್ಲಿ ಅದನ್ನು ಪ್ರಯೋಗಶಾಲೆಯಲ್ಲಿ ಕೂಡಿಸಿ ತಯಾರಿಸಿದರು. 1955ರಲ್ಲಿ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು. ಅಲ್ಲಿಂದ ಮುಂದೆ ಈ ಔಷಧಕ್ಕೆ ಪ್ರಾಣಿಯ ಗ್ರಂಥಿ ಬೇಕಾಗದಂತಾಯಿತು. ಸಹಜವಾದುದು ಕಸಾಯಿಖಾನೆಯಿಂದ ಬಂತು, ಕೃತಕವಾದುದು ಪ್ರಾಣಿವಧೆಯನ್ನು ತಪ್ಪಿಸಿತು. ಉಗ್ರಾದಿತ್ಯರು ಇದ್ದಿದ್ದರೆ ಯಾವುದನ್ನು ಆರಿಸಿಕೊಳ್ಳುತ್ತಿದ್ದರೆಂದು ಊಹಿಸುವುದು ಕಷ್ಟವಲ್ಲ.

ಹೆರಿಗೆಯಾದ ಕೂಡಲೇ ಈ ಔಷಧವನ್ನು ಚುಚ್ಚಿದರೆ ಗರ್ಭಕೋಶ ಬಿಗಿದು ರಕ್ತಸ್ರಾವ ತಗ್ಗುತ್ತದೆ. ಬಡ ತಾಯಂದಿರ ಪ್ರಾಣವನ್ನು ಇಷ್ಟು ಅಗ್ಗವಾಗಿ ಉಳಿಸುವ ಔಷಧಗಳು ವಿರಳ. ಅದೇ ಔಷಧವನ್ನು, ಹೆರಿಗೆ ತಾನಾಗಿ ಸಾಗುತ್ತಿರುವಾಗ, ಬೇಗ ಮುಗಿಸುವ ಆತುರದಿಂದ ಹೆಚ್ಚಾಗಿ ಹರಿಸಿದರೆ ಗರ್ಭಕೋಶ ಬಿಡುವಿಲ್ಲದೆ ಹಿಂಡಿ ಕೂಸಿನ ಉಸಿರು ಕಟ್ಟಬಹುದು, ಗರ್ಭಕೋಶವೇ ಹರಿಯಬಹುದು. ಇನ್ನು ಹಾಲಿನ ವ್ಯಾಪಾರದಲ್ಲಿ ಇದರ ದುರುಪಯೋಗ ಬಲ್ಲವರೇ ಬಲ್ಲರು. ಕರುವನ್ನು ಕಳೆದುಕೊಂಡ ಎಮ್ಮೆ, ಹಸುಗಳಿಗೆ ದಿನವೂ ಎರಡು ಹೊತ್ತು ಚುಚ್ಚಿ ಹಾಲಿಳಿಸುವವರಿದ್ದಾರೆ. ಅದನ್ನು ತಡೆಯಲೆಂದು ಕೇಂದ್ರ ಸರ್ಕಾರವು 2018ರಲ್ಲಿ ಖಾಸಗಿ ಕಂಪನಿಗಳು ದೇಶದ ಬಳಕೆಗೆ ಈ ಔಷಧ ತಯಾರಿಸುವುದನ್ನು ನಿಷೇಧಿಸಿ, ಬೆಂಗಳೂರಿನಲ್ಲಿರುವ ಸರ್ಕಾರಿ ಸ್ವಾಮ್ಯದ ಕರ್ನಾಟಕ ಆ್ಯಂಟಿಬಯೊಟಿಕ್ಸ್ ಸಂಸ್ಥೆಗೆ ಮಾತ್ರ ಅವಕಾಶ ಕೊಟ್ಟಿತು. ಒಂದೇ ತಯಾರಕನನ್ನು ನೆಚ್ಚಿದರೆ ಹೆರಿಗೆಯ ತಾಯಂದಿರಿಗೇ ಔಷಧ ಸಿಗದೆ ಹೋದೀತೆಂಬ ಆತಂಕ ಎದ್ದಿತು. ದೆಹಲಿ ಉಚ್ಚ ನ್ಯಾಯಾಲಯ ಅದೇ ವರ್ಷದ ಡಿಸೆಂಬರಿನಲ್ಲಿ ಆ ಆದೇಶವನ್ನು ರದ್ದುಗೊಳಿಸಿತು. ಹಸುವಿನ ಮೇಲಿನ ಕರುಣೆಗೂ ತಾಯಿಯ ಪ್ರಾಣಕ್ಕೂ ಒಂದೇ ಸೀಸೆಯಲ್ಲಿ ಇಕ್ಕಟ್ಟು ಬಂದ ಇಂಥ ಪ್ರಸಂಗಕ್ಕೆ ‘ಸಹಜ’, ‘ಕೃತಕ’ ಎಂಬ ಎರಡು ಮಾತುಗಳು ಯಾವ ದಾರಿಯನ್ನೂ ತೋರಿಸಲಾರವು. ಯಾರಿಗೆ, ಯಾವಾಗ, ಎಷ್ಟು, ಏತಕ್ಕೆ ಎಂಬ ಪ್ರಶ್ನೆಗಳಿಂದಲೇ ಹೊರಡಬೇಕು.

ಈ ಪ್ರಶ್ನೆಗಳನ್ನು ಸಿಸೇರಿಯನ್ ಶಸ್ತ್ರಕ್ರಿಯೆಗೆ ಹಾಕಿದಾಗ ಉತ್ತರ ಸುಖಕರವಾಗಿರುವುದಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 1992–93ರ ಸುಮಾರಿಗೆ ದೇಶದ ಹೆರಿಗೆಗಳಲ್ಲಿ ಆಸ್ಪತ್ರೆಯಲ್ಲಾಗುತ್ತಿದ್ದವು ಕಾಲುಭಾಗ ಮಾತ್ರ. 2019–21ರ ಹೊತ್ತಿಗೆ ಅವು ನೂರಕ್ಕೆ 88ನ್ನು ಮೀರಿದ್ದವು. ಒಂದು ಲಕ್ಷ ಜೀವಂತ ಜನನಗಳಿಗೆ ಸಾಯುವ ತಾಯಂದಿರ ಸಂಖ್ಯೆ 2001–03ರಲ್ಲಿ 301 ಇದ್ದುದು 2018–20ರಲ್ಲಿ 97ಕ್ಕೆ ಇಳಿಯಿತು, ಕರ್ನಾಟಕದಲ್ಲಿ 69ಕ್ಕೆ. ಇದರ ಶ್ರೇಯಸ್ಸೆಲ್ಲ ಆಸ್ಪತ್ರೆಗಳಿಗೇ ಸಲ್ಲದಿರಬಹುದು. ಆದರೆ ಪ್ರಕೃತಿ ಈ ಇಪ್ಪತ್ತು ವರ್ಷಗಳಲ್ಲಿ ತನ್ನ ಸ್ವಭಾವವನ್ನು ಬದಲಿಸಿಕೊಂಡಿತೆಂದು ಯಾರೂ ಹೇಳಲಾರರು. ಅದೇ ಸಮೀಕ್ಷೆಯ ಮತ್ತೊಂದು ಪುಟದಲ್ಲಿ, 2019–21ರಲ್ಲಿ ಸರ್ಕಾರಿ ಆಸ್ಪತ್ರೆಗಳ ಹೆರಿಗೆಗಳಲ್ಲಿ ನೂರಕ್ಕೆ ಸುಮಾರು 14 ಸಿಸೇರಿಯನ್ ಆದರೆ ಖಾಸಗಿ ಆಸ್ಪತ್ರೆಗಳಲ್ಲಿ 47 ಎಂದು ದಾಖಲಾಗಿದೆ. ಕಷ್ಟದ ಹೆರಿಗೆಗಳು ಖಾಸಗಿ ಆಸ್ಪತ್ರೆಗಳಿಗೇ ಹೆಚ್ಚಾಗಿ ಬರುತ್ತವೆಂದು ಒಪ್ಪಿಕೊಂಡರೂ ಇಷ್ಟು ಅಂತರಕ್ಕೆ ಅದು ಸಮಾಧಾನವಾಗದು. ಲೆಕ್ಕ ಬಲ್ಲವರಿಗೆ ಕಾರಣ ತಿಳಿಯಲು ಕಷ್ಟವಿಲ್ಲ. ರಾತ್ರಿಯಿಡೀ ಕಾಯುವ ವೈದ್ಯನಿಗೆ ಕಾಯುವುದಕ್ಕೆ ಶುಲ್ಕವಿಲ್ಲ. ಒಂದು ಗಂಟೆಯೊಳಗೆ ಮುಗಿಯುವ ಶಸ್ತ್ರಕ್ರಿಯೆಗೆ ಹೆಚ್ಚಿನ ಶುಲ್ಕವಿದೆ. ವೈದ್ಯನ ವೃತ್ತಿಯಲ್ಲಿ ಅನಿವಾರ್ಯವಾಗಿ ಬರುವುದು ಉದ್ಯೋಗಿಹಿಂಸೆ. ಲಾಭಕ್ಕಾಗಿ ಬೇಡದ ಹೊಟ್ಟೆ ಕೊಯ್ದರೆ ಅದನ್ನು ಆ ಹೆಸರಿನ ಕೆಳಗೆ ಬರೆಯಲು ಬರುವುದಿಲ್ಲ.

ವೈದ್ಯರ ಮೇಲೆ ಮಾತ್ರ ಹೊರೆ ಹೊರಿಸಿದರೂ ನ್ಯಾಯವಾಗದು. ನಕ್ಷತ್ರ, ಮುಹೂರ್ತ ನೋಡಿಸಿ, ಇಂಥ ದಿನ ಇಂಥ ಗಳಿಗೆಗೆ ಮಗುವನ್ನು ಹೊರತೆಗೆಯಿರಿ ಎಂದು ಕೇಳುವ ಅನುಕೂಲಸ್ಥ ಕುಟುಂಬಗಳು ಎಲ್ಲ ಸಮಾಜಗಳಲ್ಲೂ ಇವೆ. ರಾತ್ರಿಭೋಜನವನ್ನು ಬಿಟ್ಟ ಮನೆಗಳೂ ಅದಕ್ಕೆ ಹೊರತಲ್ಲ. ದಾರಿಯ ಇರುವೆಯನ್ನು ನೋಡಿ ನಡೆಯುವ ಶ್ರಾವಕನು ಸೊಸೆಯ ಹೊಟ್ಟೆಯನ್ನು ಪಂಚಾಂಗ ನೋಡಿ ಕೊಯ್ಯಿಸುವುದು ಯಾವ ಯತ್ನಾಚಾರ? ಒಂದು ಸಿಸೇರಿಯನ್ ಆದ ಗರ್ಭಕೋಶದಲ್ಲಿ ಮುಂದಿನ ಬಸುರಿನಲ್ಲಿ ಮಾಸು ಹಳೆಯ ಗಾಯದ ಕಲೆಗೆ ಬೇರುಬಿಟ್ಟು ಪ್ರಾಣಾಂತಿಕ ರಕ್ತಸ್ರಾವವಾಗುವ ಸಂಭವ ಹೆಚ್ಚುತ್ತದೆ. ಆ ಗಾಯದ ಲೆಕ್ಕ ಮುಹೂರ್ತ ಇಟ್ಟವರ ಪುಸ್ತಕದಲ್ಲಿ ಬರುವುದಿಲ್ಲ. ಹೆತ್ತವಳ ಮೈಯಲ್ಲೇ ಮುಂದುವರಿಯುತ್ತದೆ. ಬೇಕಾಗಿಯೇ ಮಾಡಿದ ಶಸ್ತ್ರಕ್ರಿಯೆಯಲ್ಲೂ ಪ್ರಮಾದ ನುಸುಳಬಹುದು. ಬಳ್ಳಾರಿಯಲ್ಲಿ 2024ರ ನವೆಂಬರಿನಲ್ಲಿ ಸಿಸೇರಿಯನ್ ಆದ ತಾಯಂದಿರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಎದ್ದ ಪ್ರಶ್ನೆ ಚಾಕುವಿನದಾಗಿರಲಿಲ್ಲ. ಶಿರೆಗೆ ಏರಿಸಿದ ದ್ರಾವಣದ ಗುಣಮಟ್ಟದ್ದಾಗಿತ್ತು.

ಕಾಯುವುದೂ ಒಂದು ವಿದ್ಯೆಯೆಂಬುದನ್ನು ವೈದ್ಯಶಾಸ್ತ್ರ ನಿಧಾನವಾಗಿ ಒಪ್ಪುತ್ತಿದೆ. ಅಮೆರಿಕದ ಎಮ್ಯಾನುಯೆಲ್ ಫ್ರೀಡ್‌ಮನ್ 1950ರ ದಶಕದಲ್ಲಿ ಹೆರಿಗೆಯ ಗತಿಯನ್ನು ರೇಖೆಯಾಗಿ ಬರೆದ ಬಳಿಕ, ಗರ್ಭದ್ವಾರ ಗಂಟೆಗೊಂದು ಸೆಂಟಿಮೀಟರ್ ತೆರೆಯದಿದ್ದರೆ ಹೆರಿಗೆ ಕುಂಠಿತವಾಯಿತೆಂದು ತಿಳಿಯುವ ರೂಢಿ ಬೆಳೆಯಿತು. ಆರೋಗ್ಯವಂತರಾದ ಅನೇಕ ತಾಯಂದಿರಲ್ಲಿ ಗತಿ ಅದಕ್ಕಿಂತ ನಿಧಾನವಾಗಿರುತ್ತದೆ, ಆ ಒಂದೇ ಕಾರಣಕ್ಕೆ ಕೈಹಾಕಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿತು. ಲೆಬೋಯರ್ ಬಳ್ಳಿಯ ಮಿಡಿತ ನಿಲ್ಲುವವರೆಗೆ ಕಾಯಿರಿ ಎಂದುದು ಈ ವಿವೇಕದ ಒಂದು ತುಣುಕು. ಆ ಮಟ್ಟಿಗೆ ಅವರ ಪುಸ್ತಕ ಇಂದಿಗೂ ಓದಲರ್ಹವಾದುದು.

ಅವರ ಮತ್ತೊಂದು ಪುಸ್ತಕವನ್ನು ಇಲ್ಲಿ ಹೆಸರಿಸದಿದ್ದರೆ ಲೋಪವಾದೀತು. ಭಾರತಕ್ಕೆ ಬಂದು ಹೋಗುತ್ತಿದ್ದ ಲೆಬೋಯರ್ ಕಲ್ಕತ್ತೆಯಲ್ಲಿ ತಾಯಿಯೊಬ್ಬಳು ತನ್ನ ಕೂಸಿಗೆ ಎಣ್ಣೆ ತೀಡುವುದನ್ನು ಕಂಡು ಬೆರಗಾಗಿ, ಅದನ್ನು ಚಿತ್ರಗಳಲ್ಲಿ ಹಿಡಿದು 1976ರಲ್ಲಿ ಪ್ರಕಟಿಸಿದರು. ಆ ತಾಯಿಯ ಹೆಸರೇ ಪುಸ್ತಕದ ಹೆಸರು: ಶಾಂತಲಾ. ಕನ್ನಡಿಗ ವಾಚಕನಿಗೆ ಜಿನಭಕ್ತೆಯಾದ ಹೊಯ್ಸಳ ರಾಣಿ ನೆನಪಾದರೆ ಅದು ಕೇವಲ ಹೆಸರಿನ ಪ್ರಭಾವ. ಕಾಲು ನೀಡಿ ಕುಳಿತು, ಮೊಳಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು, ಎದೆಯಿಂದ ತೋಳಿಗೆ, ತೊಡೆಯಿಂದ ಪಾದಕ್ಕೆ ಎಣ್ಣೆ ತೀಡುವ ಆ ಕ್ರಮ ಕರ್ನಾಟಕದ ಯಾವ ಬಾಣಂತನದ ಮನೆಗೂ ಹೊಸದಲ್ಲ. ಆ ಬಾಣಂತನದಲ್ಲೇ ಮೊದಲ ದಿನಗಳ ಹಳದಿ ಹಾಲನ್ನು ಕೆಟ್ಟುದೆಂದು ಹಿಂಡಿ ಚೆಲ್ಲಿ ಕೂಸಿಗೆ ಸಕ್ಕರೆ ನೀರು ನೆಕ್ಕಿಸುವ, ಬಾಣಂತಿಗೆ ಬಾಯಾರಿದರೂ ನೀರು ಕೊಡದ ರೂಢಿಗಳೂ ಇದ್ದವೆಂಬುದನ್ನು ಫ್ರೆಂಚ್ ವೈದ್ಯರು ಬಲ್ಲವರಾಗಿದ್ದರೋ ಇಲ್ಲವೋ, ಅವರ ಪುಸ್ತಕದಲ್ಲಿ ಆ ಮಾತಿಲ್ಲ. ಆದರೂ ಮೊದಲ ಪುಸ್ತಕಕ್ಕಿಂತ ಇದು ಮೇಲಾದುದು. ಉಪದೇಶ ಇಲ್ಲಿ ಹಿಂದೆ ಸರಿದಿದೆ. ಚಿತ್ರದಿಂದ ಚಿತ್ರಕ್ಕೆ ಕಾಣುವುದು ಕೂಸು, ಮತ್ತು ಕೂಸಿನ ಮೇಲೆ ಓಡಾಡುವ ತಾಯಿಯ ಕೈ.